ಹೊರಗೆ ಹೊಡೆದ ಗೋಲು

ಇಲ್ಲಿ ಯುರೋಪಿನ ಕಪ್ಪಿನ ಮ್ಯಾಚು ಮಟಮಟ ಮಧ್ಯಾಹ್ನ ಬರುತ್ತದೆ. ಅಲ್ಲಿಯವರು ಕತ್ತಲಾದ ಮೇಲೆ ದೀಪ ಹಾಕಿಕೊಂಡು ಆಡುತ್ತಾರೆ, ಸ್ಯಾನ್ ರಮೋನಿನಲ್ಲಿ ನಮಗೆ ಅದು ಅನ್ನಕ್ಕಿಡುವ ಹೊತ್ತು. ವಾರದ ದಿನವಾದ್ದರಿಂದ ಮನೆಯಲ್ಲಿ ನೋಡುವವರು ಯಾರೂ ಇರುವುದಿಲ್ಲ. ಮಗಳು ಗೀತಾ ಬೆಳಿಗ್ಗೆಯೇ ಫ್ರೀವೇ ಹತ್ತಿ ಆಫೀಸಿಗೆ ಹೋಗಿರುತ್ತಾಳೆ. ಅಳಿಯ ಮೇಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮೀಟಿಂಗಿನಲ್ಲಿ ಇರುತ್ತಾನೆ. ಈ ಸಲ ಮೊಮ್ಮಗಳು ಇಶಾ ಸಾಕರ್ ಆಡಲು ಹೋಗಿ ಕಾಲು ಉಳುಕಿಸಿಕೊಂಡು ಸ್ವಲ್ಪ ದಿನ ಸ್ಕೂಲಿಗೆ ಹೋಗದೆ ಮನೆಯಲ್ಲಿ ಬಿದ್ದಿದ್ದಳು. ಸೋಫಾದ ಮೇಲೆ ಕಾಲು ಚಾಚಿ, ಅದಕ್ಕೆ ಐಸಿನ ಚೀಲ ಕಟ್ಟಿಕೊಂಡು, ಟಿ.ವಿ. ಹಾಕಿದಳು. ನಾನು ಪಕ್ಕದಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ನಾನು ಫುಟ್‌ಬಾಲ್ ನೋಡುವವಳಲ್ಲ. ಸದ್ದು ಕಿವಿಗೆ ಬೀಳುತ್ತಿತ್ತು ಅಷ್ಟೆ. ಒಂದು ಕಡೆಯವರು ನೀಲಿ ಅಂಗಿ, ಇನ್ನೊಂದು ಕಡೆಯವರು ಹಳದಿ. ಹೋದ ವಾರ ಹಳದಿಯವರ ಊರಿನಲ್ಲಿ ಆಡಿದಾಗ ಹಳದಿ ಮೂರು, ನೀಲಿ ಒಂದು ಆಗಿತ್ತಂತೆ. ಈ ದಿನ ನೀಲಿಯವರ ಊರಿನಲ್ಲಿ ನೀಲಿ ಎರಡು, ಹಳದಿ ಸೊನ್ನೆ. ಸೀಟಿ ಊದಿದರು.

"ಓ ಮೈ ಗಾಡ್, ಥ್ರೀ ಥ್ರೀ! ಎಕ್ಸ್‌ಟ್ರಾ ಟೈಮ್ ಅಜ್ಜಿ, ಇನ್ನೂ ಆಡ್ತಾರೆ."

"ಇನ್ಯಾಕೆ ಆಡಬೇಕು? ನೀಲಿಯವರು ಗೆದ್ದಾಯ್ತಲ್ಲ. ಹೋದ ಸಲ ಹಳದಿಯವರ ಮನೇಲಿ ಒಂದು ಹೊಡೆದಿದಾರಲ್ಲ. ಅವರು ಬಂದು ಇಲ್ಲಿ ಹೊಡೆದಿಲ್ಲ."

ಇಶಾ ಟಿ.ವಿ. ಬಿಟ್ಟು ನನ್ನ ಕಡೆ ತಿರುಗಿದಳು.

"ವೇಟ್, ವಾಟ್? ಅಜ್ಜಿ, ಹೌ ಡು ಯು ಈವನ್ ನೋ ದಟ್?"

"ಗೊತ್ತು ಕಣೆ."

"ಬಟ್ ಆ ರೂಲ್ ಈಗ ಇಲ್ಲ ಅಜ್ಜಿ. ದೇ ಗಾಟ್ ರಿಡ್ ಆಫ್ ಇಟ್. ತೆಗೆದ್‌ಬಿಟ್ರು."

"ಯಾವಾಗ?"

"ಐ ಡೋಂಟ್ ನೋ. ಫ್ಯೂ ಇಯರ್ಸ್ ಆಯ್ತು."

ನಾನು ತಟ್ಟೆ ಕೆಳಗಿಟ್ಟೆ. ಆ ರೂಲಿನಿಂದ ನನ್ನ ಓದು ನಿಂತಿತ್ತು. ಅದನ್ನು ತೆಗೆದುಹಾಕಿ ವರ್ಷಗಳೇ ಆಗಿವೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕು ಅಂತ ಯಾರಿಗೂ ಗೊತ್ತಿರಲೂ ಇಲ್ಲ. ಇಶಾ ಬಿಡದೆ ಕೇಳಿದಳು ಅಂತ ಅವಳಿಗೆ ಹೇಳಿದೆ. ನನಗೆ ಇಂಗ್ಲಿಷು ಕೇಳಿದರೆ ಅರ್ಥವಾದೀತು, ಆಡಲು ಬರದು; ಅವಳಿಗೆ ಕನ್ನಡ ಅರ್ಧ ಅರ್ಥವಾಗುತ್ತದೆ. ಎಷ್ಟು ತಲುಪಿತೋ ತಿಳಿಯದು. ಇಲ್ಲಿ ಪೂರ್ತಿ ಬರೆಯುತ್ತೇನೆ.

ನಾವು ಇದ್ದದ್ದು ಬೆಂಗಳೂರಿನ ದಂಡು, ಅಂದರೆ ಕಂಟೋನ್ಮೆಂಟಿನ ಕಡೆ, ಒಂದು ಫುಟ್‌ಬಾಲ್ ಮೈದಾನದ ಗ್ಯಾಲರಿಯ ಕೆಳಗೆ. ಗ್ಯಾಲರಿ ಅಂದರೆ ಕಲ್ಲಿನ ಮೆಟ್ಟಿಲುಗಳು, ಮೇಲೆ ಜನ ಕೂರುವುದಕ್ಕೆ. ಆ ಮೆಟ್ಟಿಲುಗಳ ಹೊಟ್ಟೆಯೊಳಗೆ ಉಳಿದ ಜಾಗಕ್ಕೆ ಒಂದು ಬಾಗಿಲು ಇಟ್ಟು ನಮಗೆ ಕೊಟ್ಟಿದ್ದರು. ಅಪ್ಪ ಆ ಮೈದಾನದ ಮಾಲಿ. ಹುಲ್ಲು ಕತ್ತರಿಸುವುದು, ಸುಣ್ಣದ ಗೆರೆ ಎಳೆಯುವುದು, ಬಲೆ ಕಟ್ಟುವುದು, ಮೂಲೆಯ ಬಾವುಟ ನೆಡುವುದು ಅವನ ಕೆಲಸ. ಮನೆಯ ಚಾವಣಿ ಮೆಟ್ಟಿಲಿನ ಹಾಗೆಯೇ ಇಳಿಜಾರು. ಬಾಗಿಲ ಹತ್ತಿರ ಅಪ್ಪ ನೆಟ್ಟಗೆ ನಿಲ್ಲಬಹುದಿತ್ತು. ನಾಲ್ಕು ಹೆಜ್ಜೆ ಒಳಗೆ ಬಂದರೆ ಅವ್ವ ಮಾತ್ರ. ಅದಕ್ಕೂ ಒಳಗೆ ನಾನು ಮಾತ್ರ. ಕೊನೆಯಲ್ಲಿ ಬೆಕ್ಕು. ಅಲ್ಲಿ ಸುಣ್ಣದ ಮೂಟೆ, ಹರಿದ ಬಲೆ, ಗಾಳಿ ಹೋದ ಚೆಂಡುಗಳು ಬಿದ್ದಿರುತ್ತಿದ್ದವು. ಒಲೆ ಬಾಗಿಲ ಪಕ್ಕ. ಮಲಗುವುದು ಎತ್ತರದ ಲೆಕ್ಕದಲ್ಲಿ, ದೊಡ್ಡವರು ಬಾಗಿಲ ಕಡೆ, ನಾನು ಒಳಗಡೆ. ನಿದ್ದೆಗಣ್ಣಿನಲ್ಲಿ ಎದ್ದು ಕೂತರೆ ತಲೆ ಕಲ್ಲಿಗೆ ಬಡಿಯುತ್ತಿತ್ತು. ಹಾಗಾಗಿ ನಾನು ಇವತ್ತಿಗೂ ಎದ್ದೇಳುವಾಗ ಮೊದಲು ಮಗ್ಗುಲಿಗೆ ಹೊರಳುತ್ತೇನೆ. ಇಲ್ಲಿಯ ಡಾಕ್ಟರು ನೋಡಿ ಬೆನ್ನಿಗೆ ಅದೇ ಸರಿ ಅಂದ.

ಮ್ಯಾಚು ಇದ್ದ ದಿನ ನಮ್ಮ ತಲೆಯ ಮೇಲೆ ಸಾವಿರ ಜನ ಕೂರುತ್ತಿದ್ದರು. ಗೋಲು ಬಿದ್ದರೆ ಎಲ್ಲರೂ ಒಟ್ಟಿಗೆ ಎದ್ದು ಕಾಲು ಕುಟ್ಟುತ್ತಿದ್ದರು. ಕಲ್ಲಿನ ಸಂದಿಯಿಂದ ಮಣ್ಣು ಉದುರುತ್ತಿತ್ತು. ಅವ್ವನಿಗೆ ಅದು ಮೊದಲೇ ತಿಳಿಯುತ್ತಿತ್ತು. ಜನರ ಸದ್ದು ಒಂದು ಥರ ಏರುವಾಗಲೇ ಓಡಿಹೋಗಿ ಸಾರಿನ ಪಾತ್ರೆಗೆ ತಟ್ಟೆ ಮುಚ್ಚುತ್ತಿದ್ದಳು. ಮುಚ್ಚಿದ ಮೇಲೆ ಗೋಲು ಬೀಳದೆ ಹೋದರೆ ಆ ಆಟಗಾರನಿಗೆ ಬೈಯುತ್ತಿದ್ದಳು. ಯಾರು ಹೊಡೆದರು ಅಂತಲೂ ನಮಗೆ ಕೆಳಗಿನಿಂದಲೇ ಗೊತ್ತಾಗುತ್ತಿತ್ತು. ಊರಿನ ಟೀಮು ಹೊಡೆದರೆ ಮಣ್ಣು ಎಲ್ಲ ಕಡೆ ಉದುರುತ್ತಿತ್ತು, ಹೊರಗಿನವರು ಹೊಡೆದರೆ ಒಂದು ಮೂಲೆಯಲ್ಲಿ ಮಾತ್ರ. ನಾನು ಅಲ್ಲೇ ಹುಟ್ಟಿ ಬೆಳೆದೆ, ಒಂದು ಮ್ಯಾಚನ್ನೂ ಕಣ್ಣಿನಿಂದ ನೋಡಲಿಲ್ಲ. ಗಂಡಸರು ಕೂರುವ ಕಡೆ ಹೆಣ್ಣು ಹುಡುಗಿ ಹತ್ತಬಾರದು ಅಂತ ಅಪ್ಪನ ಕಟ್ಟಪ್ಪಣೆ. ನೋಡಬೇಕು ಅಂತ ನನಗೂ ಅನ್ನಿಸಲಿಲ್ಲ. ಬೇರೆ ಕೆಲಸ ಇತ್ತು.

ಕೆಲಸ ಅಂದರೆ ಅಂಗಿ ಒಗೆಯುವುದು. ಆಡಿದ ಟೀಮುಗಳ ಜೆರ್ಸಿಗಳೆಲ್ಲ ಅವ್ವನ ಕೈಗೆ ಬರುತ್ತಿದ್ದವು. ಹಿತ್ತಿಲಲ್ಲಿ ಡಾಂಬರಿನ ಡ್ರಮ್ಮು ಇಟ್ಟು, ಸೌದೆ ಉರಿಸಿ, ಸೋಡ ಹಾಕಿ ಕುದಿಸುವುದು. ನಮ್ಮ ಮೈದಾನ ಕೆಮ್ಮಣ್ಣು. ಬಿಳಿ ಅಂಗಿಗೆ ಹತ್ತಿದ ಗುಲಾಬಿ ಬಣ್ಣ ಎಷ್ಟು ಕುದಿಸಿದರೂ ಹೋಗುತ್ತಿರಲಿಲ್ಲ. ಬಿಳಿ ಟೀಮಿನವರು ಬೈದು ಹೋಗುತ್ತಿದ್ದರು, ಅವ್ವ ಅವರ ಬೆನ್ನ ಹಿಂದೆ ಬೈಯುತ್ತಿದ್ದಳು. ಸೋಡ ಅವಳ ಕೈಯನ್ನು ಬಿರುಕು ಬಿಡಿಸಿತ್ತು, ಮುದ್ದೆ ಕಟ್ಟುವಾಗ ಬಿಸಿಗೆ ಉರಿಯುತ್ತಿತ್ತು. ನನ್ನ ಪಾಲಿಗೆ ಹಿಂಡುವುದು, ಒಣಹಾಕುವುದು, ಒಣಗಿದ್ದನ್ನು ಬೆನ್ನಿನ ಅಂಕಿ ನೋಡಿ ಜೋಡಿಸುವುದು. ಅಂಕಿ ನನಗೆ ಬಂದದ್ದು ಹಾಗೆ. ಒಂದರಿಂದ ಹನ್ನೊಂದರವರೆಗೆ. ಹನ್ನೆರಡು ಅಂತ ಒಂದು ಇದೆ ಅಂತ ಶಾಲೆಗೆ ಹೋದ ಮೇಲೆ ತಿಳಿಯಿತು.

ಮನೆಯಲ್ಲಿ ನಮ್ಮ ಮೂವರ ಜೊತೆಗೆ ಅವ್ವನ ತಮ್ಮ ನಂಜುಂಡ ಮಾಮ ಇದ್ದ. ಮಂಡ್ಯದ ಕಡೆಯ ನಮ್ಮ ಹಳ್ಳಿಯಿಂದ ಬಂದವನು, ಮೆಟ್ರಿಕ್ ತನಕ ಓದಿದವನು. ದಂಡಿನಲ್ಲಿ ಸಾಹೇಬರ ಕಾಲದ ಒಂದು ಕ್ಲಬ್ಬಿನ ಓದುವ ಕೋಣೆಗೆ ಜವಾನ. ಬಿಳಿ ಅಂಗಿ, ಬಿಳಿ ಪ್ಯಾಂಟು ಹಾಕಿಕೊಂಡು ಪೇಪರು ಮಡಚಿಡುವ ಕೆಲಸ. ಹಡಗಿನಲ್ಲಿ ಬಂದ ಇಂಗ್ಲಿಷ್ ಪೇಪರುಗಳು ಅಲ್ಲಿ ಹಳೆಯದಾದ ಮೇಲೆ ಅವನ ಕೈ ಸೇರುತ್ತಿದ್ದವು. ಭಾನುವಾರ ಊಟದ ಹೊತ್ತಿಗೆ ಅದರಲ್ಲಿನ ಫುಟ್‌ಬಾಲ್ ಪುಟ ಓದಿ ಕನ್ನಡದಲ್ಲಿ ಹೇಳುತ್ತಿದ್ದ. ಮನೆಯಲ್ಲಿ ಓದು ಬರುತ್ತಿದ್ದುದು ಅವನೊಬ್ಬನಿಗೆ. ನಾನು ಅವನ ಕಣ್ಣು ನೋಡುತ್ತಾ ಕೂರುತ್ತಿದ್ದೆ. ಕಣ್ಣು ಪುಟದ ಮೇಲಿಂದ ಕೆಳಗೆ ಓಡುತ್ತಿತ್ತು, ಬಾಯಲ್ಲಿ ಬರುತ್ತಿದ್ದುದು ಸ್ವಲ್ಪವೇ. ನಡುವೆ ಎಷ್ಟೋ ಬಿಟ್ಟುಹೋಗುತ್ತಿತ್ತು. ಬಿಟ್ಟದ್ದು ಏನು ಅಂತ ಕೇಳಿದರೆ, "ಅದು ನಿಂಗೆ ಬೇಡ ರತ್ನಿ" ಅನ್ನುತ್ತಿದ್ದ. ಬೇಕೋ ಬೇಡವೋ ನಾನು ಓದಿ ನೋಡಿಕೊಳ್ಳುತ್ತೇನೆ ಅಂತ ನನಗೆ ಹಟ ಹುಟ್ಟಿತು. ಶಾಲೆಗೆ ಹೋಗಬೇಕು ಅಂತ ನನಗೆ ಅನ್ನಿಸಿದ್ದಕ್ಕೆ ಬೇರೆ ದೊಡ್ಡ ಕಾರಣ ಏನೂ ಇರಲಿಲ್ಲ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬೇರೆ ಎಲ್ಲೂ ನಾನು ಕಂಡಿಲ್ಲ. ಅಪ್ಪನಿಗೂ ಮಾಮನಿಗೂ ಯಾವ ಮಾತಿಗೂ ಹೊಂದಿಕೆ ಆಗುತ್ತಿರಲಿಲ್ಲ. ಜಗಳ ಜೋರಾದಾಗ ಅವರಲ್ಲಿ ಒಬ್ಬ, "ಮ್ಯಾಚಿನ ಮೇಲೆ ಬಿಡಾನ" ಅನ್ನುತ್ತಿದ್ದ. ಮುಂದಿನ ಮ್ಯಾಚಿನಲ್ಲಿ ಅವನಿಗೊಂದು ಟೀಮು, ಇವನಿಗೊಂದು ಟೀಮು. ಯಾರ ಟೀಮು ಗೆದ್ದರೆ ಅವನ ಮಾತು ನಡೆಯಬೇಕು. ಸಮ ಆದರೆ ಮಾತು ಇದ್ದಲ್ಲೇ ಇರಬೇಕು. ಒಮ್ಮೆ ತೀರಿದ್ದನ್ನು ಮತ್ತೆ ಎತ್ತಕೂಡದು. ಭಾನುವಾರ ಕೋಳಿಯೋ ಉಪ್ಪುಸಾರೋ ಅನ್ನುವುದು ಹೀಗೆ ತೀರುತ್ತಿತ್ತು. ಆಡು ಸಾಕುವುದು ಬೇಡ ಅಂತ ಹೀಗೆ ತೀರಿತು. ಮಾಮನ ಮದುವೆ ಮಾತು ಸತತ ಎರಡು ಸಲ ಸಮ ಆಗಿ ಇದ್ದಲ್ಲೇ ಉಳಿಯಿತು. ಅವ್ವನನ್ನು ಯಾವ ಟೀಮು ಅಂತ ಯಾರೂ ಕೇಳುತ್ತಿರಲಿಲ್ಲ. ಕೋಳಿ ಆದರೂ ಉಪ್ಪುಸಾರಾದರೂ ಮಾಡುವವಳು ಅವಳೇ.

ನನ್ನ ಶಾಲೆಯ ಮಾತು ಎತ್ತಿದವನು ಮಾಮ. ಅದು ದೀಪಾವಳಿಯ ಆಸುಪಾಸಿನ ಮಳೆಗಾಲ.

"ಭಾವ, ರತ್ನೀನ ಇಸ್ಕೂಲಿಗೆ ಹಾಕಾನ. ಕಾರ್ಪೊರೇಷನ್ ಇಸ್ಕೂಲು ಇಲ್ಲೇ ರಸ್ತೆ ದಾಟಿದ್ರೆ ಐತೆ."

"ಹಾಕಿ? ಎರಡು ಟೀಮಿನ ಅಂಗಿ ನಿಮ್ಮಕ್ಕ ಒಬ್ಳೇ ಒಗೀಬೇಕಾ?"

"ನಾನೂ ಒಂದು ಕೈ ಹಾಕ್ತೀನಿ."

"ನೀನಾ? ನಿನ್ನ ಅಂಗೀನೇ ಅವಳು ಒಗೀತಾಳೆ ಕಣ್ಲಾ."

ಅವ್ವ ಒಲೆಯ ಮುಂದಿನಿಂದಲೇ, "ಒಂದು ಹುಡುಗಿ ಇಲ್ದಿದ್ರೆ ಬಟ್ಟೆ ಏನು ಕೊಳೀತಾ ಬಿದ್ದಿರಲ್ಲ" ಅಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮ್ಯಾಚಿನ ಮೇಲೆ ಬಿಡೋಣ ಅಂದರೆ ಮಳೆಗೆ ಮೈದಾನ ಕೆರೆ ಆಗಿ ಆಟ ನಿಂತಿತ್ತು. ಆಗ ಮಾಮ ಯುರೋಪಿನ ಕಪ್ಪಿನ ಮೇಲೆ ಬಿಡೋಣ ಅಂದ. ಅದು ಏನು ಅಂತ ಅವನಿಗೆ ತಿಳಿದಷ್ಟು ಹೇಳಿದ. ಅಲ್ಲಿ ಯಾವುದೋ ಪೇಪರಿನವರು ಹುಟ್ಟುಹಾಕಿದ ಕಪ್ಪಂತೆ. ಒಂದೊಂದು ದೇಶದಲ್ಲಿ ಗೆದ್ದ ಒಂದೊಂದು ಕ್ಲಬ್ಬನ್ನು ಕರೆದು, ಎಲ್ಲದಕ್ಕಿಂತ ದೊಡ್ಡದು ಯಾವುದು ನೋಡೋಣ ಅಂತ ಶುರು ಮಾಡಿದರಂತೆ. ಶುರುವಾದ ಮೇಲೆ ಐದು ವರ್ಷ ಬಿಳಿ ಅಂಗಿಯವರೇ ಕಪ್ಪನ್ನು ಬೇರೆಯವರಿಗೆ ಬಿಡಲಿಲ್ಲವಂತೆ. ಆ ಊರುಗಳ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ, ಅಂಗಿಯ ಬಣ್ಣದಲ್ಲೇ ಕರೆಯುತ್ತಿದ್ದೆವು. ಆ ಸಲ ಬಿಳಿಯವರಿಗೂ ಕೆಂಪು ಅಂಗಿಯವರಿಗೂ ಬಿದ್ದಿದೆ, ಮುಂದಿನ ಪೇಪರಿನಲ್ಲಿ ಬರುತ್ತದೆ ಅಂದ. ಅಪ್ಪ ಬಿಳಿಯವರನ್ನು ಹಿಡಿದ. ಬಿಳಿ ಅಂಗಿಯನ್ನು ಬಿಳಿಯಾಗಿಯೇ ಇಟ್ಟುಕೊಳ್ಳುವವರ ಮೈದಾನ ಚೆನ್ನಾಗಿರಬೇಕು, ಮೈದಾನ ಚೆನ್ನಾಗಿದ್ದರೆ ಆಟ ಚೆನ್ನಾಗಿರಬೇಕು ಅಂತ ಅವನ ತರ್ಕ. ಮಾಮನಿಗೆ ಕೆಂಪು ಉಳಿಯಿತು. ಬಿಳಿ ಗೆದ್ದರೆ ನಾನು ಡ್ರಮ್ಮಿನ ಹತ್ತಿರ, ಕೆಂಪು ಗೆದ್ದರೆ ಶಾಲೆ.

ಪೇಪರು ಬಂತು. ಕೆಂಪಿನವರು ಎರಡು, ಬಿಳಿಯವರು ಒಂದು. ಅಪ್ಪ ಎರಡು ಸಲ ಓದಿಸಿದ. ಮಾಮ ಎರಡು ಸಲವೂ ಹಾಗೇ ಓದಿದ.

"ಸರಿ. ನಾಳೆ ಕಳ್ಸಿ" ಅಂದ ಅಪ್ಪ. ಅಷ್ಟೇ. ಅವನು ಸೋತರೆ ಮುಖ ಊದಿಸಿಕೊಳ್ಳುವವನಲ್ಲ.

ಮಧ್ಯದಲ್ಲಿ ಬಂದವಳು ಅಂತ ಶಾಲೆಯಲ್ಲಿ ನನ್ನನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರು. ಟೀಚರು ಒಬ್ಬ ಸಣಕಲು ಹೆಂಗಸು, ಒಳ್ಳೆಯವಳೂ ಅಲ್ಲ ಕೆಟ್ಟವಳೂ ಅಲ್ಲ. ಅಲ್ಲಿ ಚಾವಣಿ ಎಲ್ಲ ಕಡೆ ಒಂದೇ ಎತ್ತರ ಇತ್ತು. ಮೊದಲ ಕೆಲವು ದಿನ ನಾನು ಗೋಡೆಯ ಹತ್ತಿರ ಹೋದಾಗಲೆಲ್ಲ ತಲೆ ಬಗ್ಗಿಸುತ್ತಿದ್ದೆ, ಹುಡುಗಿಯರು ನಗುತ್ತಿದ್ದರು. ಅ ಆ ಇ ಈ ಬೇಗ ಬಂತು. ಮನೆಗೆ ಬಂದ ಮೇಲೆ ಸುಣ್ಣದ ಚೂರಿನಲ್ಲಿ ಗ್ಯಾಲರಿಯ ಹಿಂದಿನ ಕಲ್ಲಿನ ಮೇಲೆ ಬರೆಯುತ್ತಿದ್ದೆ. ಮಳೆ ಬಂದು ಅಳಿಸುತ್ತಿತ್ತು, ಮತ್ತೆ ಬರೆಯುತ್ತಿದ್ದೆ. ಅವ್ವ ಬಟ್ಟೆ ಹಿಂಡುತ್ತಾ, ಇದೇನು ಇದೇನು ಅಂತ ಒಂದೊಂದನ್ನೂ ಕೇಳುತ್ತಿದ್ದಳು. ನಾನು ಹೇಳಿದ್ದನ್ನು ತಿರುಗಿ ಹೇಳುತ್ತಿರಲಿಲ್ಲ, ಕೇಳಿ ಮುಂದಿನ ಅಂಗಿ ಹಿಂಡುತ್ತಿದ್ದಳು. ಕ ಖ ಗ ಘ ಮುಗಿಯಿತು. ಚ ಛ ಜ ಝ ಮುಗಿಯಿತು. ಟ ಠ ಡ ಢ ಣ ಬರೆದುಕೊಂಡು ಹೋದ ಮೇಲೆ ಒಂದು ಭಾನುವಾರ ಬಂತು.

ಅವತ್ತೂ ಮಳೆ. ಹುರುಳಿಕಾಳಿನ ಬಸ್ಸಾರು, ಮುದ್ದೆ. ನಾಲ್ವರೂ ಬಾಗಿಲ ಹತ್ತಿರ ಎತ್ತರ ಇರುವ ಕಡೆ ಕೂತಿದ್ದೆವು. ಮಾಮ ಒಂದು ಕೈಯಲ್ಲಿ ಊಟ ಮಾಡುತ್ತಾ, ಇನ್ನೊಂದು ಕೈಯಲ್ಲಿ ಪೇಪರು ಹಿಡಿದು ಓದುತ್ತಿದ್ದ.

"ಬಿಳಿಯವರು ಒಂದು, ಕೆಂಪಿನವರು ಸೊನ್ನೆ."

"ಇದ್ಯಾವ ಮ್ಯಾಚ್ಲಾ? ಅವರಿಬ್ಬರದೂ ಆವತ್ತೇ ಮುಗೀತಲ್ಲ" ಅಂದ ಅಪ್ಪ.

"ಇದು ಎರಡನೇದು ಭಾವ. ಆವತ್ತಿಂದು ಕೆಂಪಿನವರ ಊರಲ್ಲಿ ಆಡಿದ್ದು, ಇದು ಬಿಳಿಯವರ ಊರಲ್ಲಿ. ಈ ಕಪ್ಪಲ್ಲಿ ಹಂಗೇ ಅಂತೆ. ಇವರ ಮನೇಲೊಂದು ಅವರ ಮನೇಲೊಂದು ಆಡಿ, ಎರಡೂ ಕೂಡ್ಸಿ ನೋಡ್ತಾರಂತೆ."

"ಮೊದಲೇ ಹೇಳ್ಬಾರದಾ ಅದ?"

"ನಂಗೂ ಈಗ್ಲೇ ಗೊತ್ತಾಗಿದ್ದು. ಆವತ್ತಿನ ಪೇಪರಲ್ಲಿ ಬರ್ದಿರ್ಲಿಲ್ಲ. ಎಲ್ಲಾರ್ಗೂ ಗೊತ್ತಿರ್ತದೆ ಅಂತ ಬಿಟ್ಟವ್ರೆ."

ನಮ್ಮ ಮೈದಾನದಲ್ಲಿ ಒಂದೇ ಮ್ಯಾಚು, ಸೋತವನು ಆಚೆ. ಎರಡು ಮನೆಯಲ್ಲಿ ಆಡುವುದು ಅಂತ ಒಂದು ಇದೆ ಅಂತ ಅಪ್ಪನಿಗೂ ಮಾಮನಿಗೂ ಕನಸಿನಲ್ಲೂ ಇರಲಿಲ್ಲ. ಅಪ್ಪ ಮುದ್ದೆಯ ಕೈಯಲ್ಲೇ ಬೆರಳು ಮಡಚಿದ.

"ಕೆಂಪಿಗೆ ಎರಡು. ಬಿಳಿಗೆ ಆವತ್ತೊಂದು, ಇವತ್ತೊಂದು, ಎರಡು. ಸಮ ಆಯ್ತಲ್ಲ."

"ಹೂಂ, ಲೆಕ್ಕ ಸಮ" ಅಂದ ಮಾಮ, ಕಣ್ಣು ಪೇಪರಿನ ಮೇಲೆಯೇ ಇತ್ತು.

"ಸಮ ಆದ್ರೆ ಇದ್ದಲ್ಲೇ ಇರಬೇಕು. ಹುಡುಗಿ ಹೋಯ್ತಾ ಐತೆ, ಹೋಯ್ತಾ ಇರ್ಲಿ ಬಿಡು."

ಇದನ್ನು ಹೇಳಿದವನು ಅಪ್ಪ. ಅವ್ವ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. ನಾನು ನನ್ನ ಪಾಡಿಗೆ ಕಾಳು ಆರಿಸಿಕೊಂಡು ತಿನ್ನುತ್ತಿದ್ದೆ. ಮಾಮ ಪೇಪರನ್ನು ಇನ್ನೂ ಕಣ್ಣಿನ ಹತ್ತಿರ ತಂದ.

"ಇಲ್ಲ ಭಾವ. ಸಮ ಅಲ್ಲ."

"ಮತ್ತೆ?"

"ಬಿಳಿಯವರು ಮುಂದಕ್ಕೆ ಹೋದ್ರು ಅಂತ ಬರ್ದದೆ. ಅವ್ರು ಕೆಂಪಿನವರ ಮನೇಲಿ ಒಂದು ಗೋಲು ಹೊಡ್ದವ್ರೆ. ಕೆಂಪಿನವರು ಇವರ ಮನೇಲಿ ಒಂದೂ ಹೊಡ್ದಿಲ್ಲ. ಲೆಕ್ಕ ಸಮ ಆದ್ರೆ ಹೊರಗೆ ಹೊಡ್ದ ಗೋಲಿಗೆ ತೂಕ ಜಾಸ್ತಿ ಅಂತೆ. ಹೊಸಾ ರೂಲು."

"ಗೋಲು ಗೋಲೇ ಅಲ್ವೇನ್ಲಾ? ಎಲ್ಲಿ ಹೊಡುದ್ರೂ ಬಲೆಗೇ ತಾನೆ ಬೀಳೋದು? ಬಲೆ ಕಟ್ಟೋನು ನಾನು, ನಂಗೆ ಗೊತ್ತಿಲ್ವಾ?"

"ಹೆರವರ ಮನೇಲಿ ಹೊಡೆಯೋದು ಕಷ್ಟ ಭಾವ. ಅದಕ್ಕೇ..."

"ಲೋ ನಂಜುಂಡ" ಅಂದಳು ಅವ್ವ, "ಮುದ್ದೆ ಆರಿ ಹೋಯ್ತದೆ, ನುಂಗು."

"ಇರಕ್ಕ, ಇಲ್ಲಿ ಬರ್ದದೆ ಸರಿಯಾಗಿ."

"ಬರ್ದಿದ್ರೆ ಬರ್ಕೊಳ್ಲಿ. ನಿನ್ನ ಕೇಳಿದೋರು ಯಾರು?"

"ಹಂಗಲ್ಲಕ್ಕ. ಬಿಳಿ ಗೆದ್ದದೆ. ಭಾವ ಗೆದ್ದವ್ನೆ."

ಅವ್ವ ಸೌಟನ್ನು ಪಾತ್ರೆಗೆ ಎಸೆದಳು. ಸಾರು ಹಾರಿ ಪೇಪರಿಗೆ ಬಿತ್ತು. ಮಾಮ ಅದನ್ನು ತೋಳಿನಿಂದ ಒರೆಸಿದ. ಅಪ್ಪ ಒಂದು ಸಲ ನನ್ನನ್ನು ನೋಡಿದ, ಆಮೇಲೆ ಅವನನ್ನು.

"ಇಸ್ಕೂಲು ಅಂದೋನು ನೀನು. ಈ ಕಪ್ಪು ತಂದೋನು ನೀನು. ನಾನು ಸಮ ಅಂದ್ರೂ ಇಲ್ಲ ಸೋತಿವ್ನಿ ಅನ್ನೋನೂ ನೀನೇ. ನಾನೇನ್ ಮಾಡ್ಲಿ ಹೇಳು?"

ಮಾಮ ಪೇಪರು ಮಡಚಿದ. ಅಪ್ಪ ತಟ್ಟೆಯಲ್ಲೇ ಕೈ ತೊಳೆದ.

"ಹಂಗಾದ್ರೆ ಹಂಗೇ" ಅಂದ.

ನಾನು ಅಳಲಿಲ್ಲ. ಅತ್ತೆ ಅಂತ ಬರೆದರೆ ಓದುವವರಿಗೆ ಹಿತವಾಗಬಹುದು, ಆದರೆ ಅ‌ಳಲಿಲ್ಲ. ತೀರಿದ್ದನ್ನು ಎತ್ತಕೂಡದು ಅಂತ ನನಗೂ ಗೊತ್ತಿತ್ತು. ಬೆಳಿಗ್ಗೆ ಎದ್ದು ಡ್ರಮ್ಮಿಗೆ ನೀರು ಹೊತ್ತೆ. ಟೀಚರು ಯಾಕೆ ಬರಲಿಲ್ಲ ಅಂತ ಕೇಳಿಕೊಂಡು ಬಂದಾರು ಅಂತ ಒಂದೆರಡು ದಿನ ರಸ್ತೆಯ ಕಡೆ ನೋಡಿದೆ. ಬರಲಿಲ್ಲ. ಅವಳಿಗೆ ನನ್ನಂಥವರು ಎಷ್ಟು ಜನವೋ. ತ ಥ ದ ಧ ನ ಅಲ್ಲೇ ನಿಂತವು. ಅವ್ವ ತಮ್ಮನ ಜೊತೆ ಮಾತು ನಿಲ್ಲಿಸಲಿಲ್ಲ, ಊಟ ಹಾಕುವುದನ್ನೂ ನಿಲ್ಲಿಸಲಿಲ್ಲ. ಅವನ ಬಟ್ಟೆ ಒಗೆಯುವುದನ್ನು ನಿಲ್ಲಿಸಿದಳು. ಊರಿನ ಟೀಮುಗಳ ಅಂಗಿ ಎಲ್ಲ ಕುದಿಯುತ್ತಿದ್ದ ಡ್ರಮ್ಮಿನ ಪಕ್ಕದಲ್ಲಿ ಮಾಮ ತನ್ನ ಬಿಳಿ ಅಂಗಿಯನ್ನು ತಾನೇ ಕಲ್ಲಿಗೆ ಬಡಿಯುತ್ತಿದ್ದ. ಒಗೆಯಲು ಬರುತ್ತಿರಲಿಲ್ಲ, ಕಾಲರು ಕಪ್ಪಗೆ ಉಳಿಯುತ್ತಿತ್ತು. ಕ್ಲಬ್ಬಿನಲ್ಲಿ ಬೈಸಿಕೊಂಡು ಬರುತ್ತಿದ್ದ. ನಾನು ಒಗೆದುಕೊಡುತ್ತೇನೆ ಅಂತ ಒಂದು ಸಲ ಕೈ ಚಾಚಿದೆ. "ಬುಡು ಅದ" ಅಂತ ಅವ್ವ ಗದರಿದಳು. ಮದುವೆಯಾಗಿ ಬೇರೆ ಮನೆ ಮಾಡುವ ತನಕ ಅವನೇ ಒಗೆದುಕೊಂಡ.

ಪೇಪರು ಓದುವುದು ಮಾತ್ರ ನಡೆಯುತ್ತಲೇ ಇತ್ತು. ಆ ಹೊಸ ರೂಲು ಯಾಕೆ ಬಂತು ಅಂತಲೂ ಮಾಮ ಒಂದು ದಿನ ಓದಿದ. ಮೊದಲೆಲ್ಲ ಎರಡು ಮನೆಯಲ್ಲಿ ಆಡಿದರೂ ಸಮ ಆದರೆ ಮೂರನೇ ಊರಿಗೆ ಹೋಗಿ ಆಡುತ್ತಿದ್ದರಂತೆ, ಅಲ್ಲೂ ಸಮ ಆದರೆ ನಾಣ್ಯ ಚಿಮ್ಮುತ್ತಿದ್ದರಂತೆ. ಒಂದು ಸಲ ಚಿಮ್ಮಿದ್ದು ಕೆಸರಿನಲ್ಲಿ ಅಂಚಿನ ಮೇಲೆ ನೆಟ್ಟಗೆ ನಿಂತುಬಿಟ್ಟಿತಂತೆ, ಮತ್ತೆ ಚಿಮ್ಮಿದರಂತೆ. ಅಪ್ಪ, "ಮೈದಾನ ನೋಡ್ಕೊಳೋಕೆ ಬರದ ನನ್ಮಕ್ಳು" ಅಂತ ನಕ್ಕ. ನನಗೆ ನಗು ಬರಲಿಲ್ಲ. ಆ ಪೇಪರುಗಳು ಹಡಗಿನಲ್ಲಿ ಎಷ್ಟೋ ವಾರ ತೇಲಿಕೊಂಡು, ಕ್ಲಬ್ಬಿನ ಮೇಜಿನ ಮೇಲೆ ಹಳೆಯದಾಗಿ ನಮ್ಮ ಮನೆಗೆ ಬರುತ್ತಿದ್ದವು ಅಂತ ಲೆಕ್ಕ ಹಾಕಿದ್ದು ನಾನು ದೊಡ್ಡವಳಾದ ಮೇಲೆ. ನಾನು ಮೊದಲನೇ ದಿನ ಶಾಲೆಯ ಹಿಂದಿನ ಸಾಲಿನಲ್ಲಿ ಕೂತಾಗ ಅಲ್ಲಿ ಎರಡನೇ ಮ್ಯಾಚೂ ಮುಗಿದು, ಬಿಳಿಯವರು ಸ್ನಾನ ಮಾಡಿ ಮನೆಗೆ ಹೋಗಿದ್ದರು. ನನ್ನ ಶಾಲೆ ಶುರುವಾಗುವ ಮೊದಲೇ ಮುಗಿದಿತ್ತು. ನಮಗೆ ಸುದ್ದಿ ತಡವಾಗಿ ಬಂತು ಅಷ್ಟೆ.

ಉಳಿದ ಅಕ್ಷರಗಳನ್ನು ನಾನು ಬಸ್ಸಿನ ಬೋರ್ಡುಗಳಿಂದ ಕಲಿತೆ. ಮದುವೆಯಾಗಿ ಮೆಜೆಸ್ಟಿಕ್ಕಿನ ಹತ್ತಿರ ಮನೆ ಮಾಡಿದಾಗ ಎದುರಿಗೇ ಬಸ್ಸು ನಿಲ್ಲುತ್ತಿತ್ತು. ಕಂಡಕ್ಟರು ಕೂಗುವುದನ್ನು ಕೇಳುವುದು, ಬೋರ್ಡು ನೋಡುವುದು. ಯಶವಂತಪುರದಿಂದ ಯ, ವ, ತ, ಪ ಬಂದವು. ಒತ್ತಕ್ಷರಕ್ಕೆ ಬಹಳ ದಿನ ಹಿಡಿಯಿತು. ಗೀತಾಳನ್ನು ಶಾಲೆಗೆ ಸೇರಿಸುವಾಗ ಯಜಮಾನರು ಮುಂದಿನ ವರ್ಷ ನೋಡೋಣ ಅಂದರು. ನಾನು ಅವರನ್ನೂ ಕೇಳಲಿಲ್ಲ, ಯಾವ ಮ್ಯಾಚನ್ನೂ ಕಾಯಲಿಲ್ಲ, ಕರೆದುಕೊಂಡು ಹೋಗಿ ಸೇರಿಸಿ ಬಂದೆ. ಯಾರಾದರೂ ಏನಾದರೂ ಓದಿ ಹೇಳಿದರೆ, ಪೂರ್ತಿ ಓದಿದೆಯಾ, ಕೆಳಗೆ ಇನ್ನೇನಿದೆ ಅಂತ ಕೇಳುವುದು ನನಗೆ ಅಭ್ಯಾಸ. ಮಗಳಿಗೆ ಅದು ಕಿರಿಕಿರಿ. ಆಗಲಿ.

ಇಶಾ ಇಷ್ಟನ್ನೂ ಕೇಳಿದಳು. ಅಷ್ಟರಲ್ಲಿ ಟಿ.ವಿ.ಯಲ್ಲಿ ಹೆಚ್ಚಿನ ಆಟವೂ ಮುಗಿದು, ಒಬ್ಬೊಬ್ಬರಾಗಿ ಬಂದು ಪೆನಾಲ್ಟಿ ಹೊಡೆಯುತ್ತಿದ್ದರು. ಅವಳು ನೋಡಲಿಲ್ಲ. ರೂಲು ತೆಗೆದದ್ದು ಯಾಕೆ ಅಂತ ಕೇಳಿದೆ. ಹೊರಗಿನವರು ಎಲ್ಲಿ ಒಂದು ಗೋಲು ಹೊಡೆದುಬಿಡುತ್ತಾರೋ ಅಂತ ಮನೆಯವರು ಹೆದರಿಕೊಂಡು ಆಡುತ್ತಿದ್ದರಂತೆ, ಅದಕ್ಕೆ. ಈಗ ಕಪ್ಪೂ ಮೊದಲಿನ ಹಾಗಿಲ್ಲವಂತೆ. ಗೆದ್ದವರಷ್ಟೇ ಅಲ್ಲ, ಎರಡನೇ ಮೂರನೇ ನಾಲ್ಕನೇ ಜಾಗದವರೂ ಬರುತ್ತಾರಂತೆ, ಎಲ್ಲರನ್ನೂ ಒಂದು ಉದ್ದ ಪಟ್ಟಿಯಲ್ಲಿ ಹಾಕಿ ಆಡಿಸಿ ಆಮೇಲೆ ಎರಡು ಮನೆಯ ಆಟವಂತೆ.

"ಸೋ ಅನ್‌ಫೇರ್ ಅಜ್ಜಿ. ಈಗ ಆಗಿದ್ರೆ ಯು ಕುಡ್ ಹ್ಯಾವ್ ಗಾನ್ ಟು ಸ್ಕೂಲ್."

"ಈಗ ಆಗಿದ್ರೆ ಪೆನಾಲ್ಟಿ ಹೊಡೀತಿದ್ರು. ಅದರಲ್ಲೂ ಬಿಳಿಯವರೇ ಗೆಲ್ತಿದ್ರೋ ಏನೋ."

"ಬಟ್ ನಿಮ್ ಅಂಕಲ್! ಹೀ ಕುಡ್ ಹ್ಯಾವ್ ಜಸ್ಟ್ ಶಟ್ ಅಪ್! ಯಾಕೆ ಹೇಳಿದ್ರು?"

ಅದನ್ನು ನಾನೂ ಕೇಳಿದ್ದೆ. ಇಲ್ಲಿಗೆ ಬರುವ ಮೊದಲು, ಅಪ್ಪ ಅವ್ವ ಇಬ್ಬರೂ ಹೋದ ಮೇಲೆ, ಮಾಮನನ್ನು ನೋಡಲು ಹೋಗಿದ್ದೆ. ಮಗನ ಮನೆಯ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ, ತೊಡೆಯ ಮೇಲೆ ಪೇಪರು. ಕಾಫಿ ಕೊಟ್ಟರು. ಇಬ್ಬರೂ ಕುಡಿದೆವು. ಆಮೇಲೆ ಕೇಳಿದೆ.

"ಮಾಮ, ಅಪ್ಪನೇ ಸಮ ಅಂದಿದ್ದ. ಹೋಯ್ತಾ ಇರ್ಲಿ ಅಂದಿದ್ದ. ನೀನ್ಯಾಕೆ ಬಾಯಿ ಬಿಟ್ಟೆ?"

ಯಾವ ಮಾತು ಅಂತ ಅವನು ಕೇಳಲಿಲ್ಲ. ಅವನಿಗೂ ಅದು ಮನಸ್ಸಿನಲ್ಲೇ ಇತ್ತು ಅಂತ ಕಾಣುತ್ತದೆ.

"ಓದೋಕೆ ಬರದ ಮನುಷ್ಯ ಅವನು ರತ್ನಿ. ಅವನ ಮುಂದೆ ಕೂತ್ಕೊಂಡು ಅರ್ಧ ಓದಿ ಅರ್ಧ ನುಂಗಿದ್ರೆ ಅದು ಮೋಸ ಅಲ್ವಾ?"

"ನನ್ನ ಇಸ್ಕೂಲಲ್ಲಿ ಬಿಟ್ಟಿದ್ರೆ ಆ ಅರ್ಧಾನ ನಾನೇ ಒಂದು ದಿನ ಅಪ್ಪಂಗೆ ಓದಿ ಹೇಳ್ತಿದ್ದೆ ಮಾಮ."

ಅವನು ಲೋಟ ಹಿಡಿದುಕೊಂಡು ನನ್ನನ್ನೇ ನೋಡಿದ. ಅದು ಅವನಿಗೆ ಹೊಳೆದೇ ಇರಲಿಲ್ಲ.